ಹಂಚಿನ ಮೇಲೆ ಒತ್ತಿದ ಹೆಸರು
ಪ್ರವಾಸಿ ಘೋಷವಾಕ್ಯಗಳ ಬಗ್ಗೆ ಕಡಲತೀರದಲ್ಲಿ ಕೇಳಿಬರುವ ಗೊಣಗಾಟಕ್ಕೆ ಬಲ್ಮಠದ ಇತಿಹಾಸದಲ್ಲಿ ಒಂದು ಉತ್ತರವಿದೆ

ಒಂದು ಊರು, ರಾಜ್ಯ ಅಥವಾ ದೇಶ ತಾನು ಎಂಥದ್ದೆಂದು ಹೊರಗಿನವರಿಗೆ ನಾಲ್ಕೈದು ಪದಗಳಲ್ಲಿ ತಿಳಿಸಿ, ಅವರನ್ನು ತನ್ನತ್ತ ಕರೆಯಲು ಕಟ್ಟಿಕೊಂಡ ಮಾತನ್ನು ಪ್ರವಾಸೋದ್ಯಮದ ಘೋಷವಾಕ್ಯ ಎನ್ನುತ್ತಾರೆ. ಚಿತ್ರದ ಕೆಳಗೆ, ಲಾಂಛನದ ಪಕ್ಕದಲ್ಲಿ ಕೂರುವ ಸಾಲಾದುದರಿಂದ ಜಾಹೀರಾತಿನವರು ಇದನ್ನು ಅಡಿಬರಹವೆಂದೂ ಕರೆಯುವುದುಂಟು. ಇಂಗ್ಲಿಷಿನ ‘ಸ್ಲೋಗನ್’ ಎಂಬ ಪದ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಬಂದದ್ದು. ಅಲ್ಲಿ ಅದಕ್ಕೆ ಯುದ್ಧಕ್ಕೆ ಹೊರಟ ದಂಡಿನ ಕೂಗು ಎಂಬ ಅರ್ಥವಿತ್ತು. ಕೂಗುವವರಿಗೆ ಉತ್ತರದ ನಿರೀಕ್ಷೆ ಇರುವುದಿಲ್ಲ. ಆದರೆ ರಜೆ ಹಾಕಿ, ಮಕ್ಕಳುಮರಿಗಳನ್ನು ಕರೆದುಕೊಂಡು, ನೂರಾರು ಕಿಲೋಮೀಟರು ದಾಟಿ ಕಡಲತೀರಕ್ಕೆ ಬಂದವರು ಉತ್ತರ ಕೊಟ್ಟೇ ಕೊಡುತ್ತಾರೆ, ಮತ್ತು ಆ ಉತ್ತರ ಅನೇಕ ಸಲ ಗೊಣಗಾಟದ ರೂಪದಲ್ಲಿರುತ್ತದೆ. ಫಲಕದಲ್ಲಿ ಕಂಡ ಮಾತಿಗೂ ಕಾಲಡಿಯ ಮರಳಿಗೂ ತಾಳೆಯಾಗದಾಗ ಹುಟ್ಟುವ ಈ ಗೊಣಗಾಟವನ್ನು ರಜೆಯ ಬೇಸರವೆಂದು ತಳ್ಳಿಹಾಕುವುದು ಸುಲಭ. ವಾಸ್ತವದಲ್ಲಿ ಅದು ಒಂದು ಊರು ಕೊಟ್ಟ ಮಾತನ್ನು ಅಳೆದುನೋಡುವ ಕೆಲಸವಾಗಿದ್ದು, ಗಂಭೀರವಾಗಿ ಕೇಳಿಸಿಕೊಳ್ಳಬೇಕಾದ ಸಂಗತಿಯಾಗಿದೆ.

ಈ ವಿಚಾರವನ್ನು ಮಂಗಳೂರಿನ ಬಲ್ಮಠದಿಂದ ನೋಡಲು ಕಾರಣವಿದೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರಗಳ ಮರಳತೀರಕ್ಕೆ ಹೋಗಿಬರುವ ಪ್ರವಾಸಿಗರು ನಗರದ ನಡುವಿನ ಈ ಗುಡ್ಡದ ರಸ್ತೆಯನ್ನು ಹಾದುಹೋಗುವುದು ಸಾಮಾನ್ಯ. ಅವರಲ್ಲಿ ಹೆಚ್ಚಿನವರಿಗೆ ಬಲ್ಮಠವೆಂದರೆ ಅಂಗಡಿ, ಆಸ್ಪತ್ರೆ, ಕಾಲೇಜು, ವಾಹನದಟ್ಟಣೆ. ಆದರೆ ಕನ್ನಡದಲ್ಲಿ ಅಚ್ಚಾದ ಮಾತಿಗೆ ಹೊಣೆಗಾರಿಕೆ ಇರಬೇಕೆಂಬ ಪಾಠ ಮೊದಲು ರೂಢಿಗೆ ಬಂದ ಎಡೆಗಳಲ್ಲಿ ಬಲ್ಮಠವೂ ಒಂದು.

ಹೊಗಳಿಕೆಯ ಹಳೆಯ ಬಗೆಗಳು

ಊರನ್ನು ಹೊಗಳುವುದು ಪ್ರವಾಸೋದ್ಯಮ ಹುಟ್ಟುವುದಕ್ಕಿಂತ ಬಹಳ ಹಿಂದಿನದು. ಕ್ಷೇತ್ರವೊಂದರ ಹುಟ್ಟು, ಅಲ್ಲಿಯ ದೇವರು, ತೀರ್ಥಸ್ನಾನದ ಫಲ ಇವನ್ನು ಹೇಳುವ ಸ್ಥಳಪುರಾಣಗಳೂ, ಅರಸರ ಹೆಸರಿನ ಹಿಂದೆ ಸಾಲುಗಟ್ಟುವ ಬಿರುದಾವಳಿಗಳೂ ಇದೇ ಕುಲಕ್ಕೆ ಸೇರಿದವು. ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲವನ್ನು ಪರಶುರಾಮ ಕೊಡಲಿ ಬೀಸಿ ಕಡಲಿನಿಂದ ಪಡೆದನೆಂಬ ಐತಿಹ್ಯದಿಂದ ಹುಟ್ಟಿದ ‘ಪರಶುರಾಮ ಸೃಷ್ಟಿ’ ಎಂಬ ಹೆಸರು ತುಳುನಾಡು ಮತ್ತು ಕೇರಳಗಳಿಗೆ ಸಮಾನವಾದದ್ದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕೊಂಡಾಡುವಾಗ ದಕ್ಷಿಣಕ್ಕೊಂದು, ಉತ್ತರಕ್ಕೊಂದು ನದಿಯನ್ನು ಹೆಸರಿಸಿ, ನಾಡಿನ ಎಲ್ಲೆಯನ್ನು ಮೊದಲು ಗುರುತಿಸಿಕೊಳ್ಳುತ್ತದೆ. ಹೊಗಳಿಕೆಗೆ ಮೇರೆ ಇರಬೇಕೆಂಬ ಎಚ್ಚರ ಅಲ್ಲಿದೆ. ನಾಡು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿದ ಮೇಲೆ ಆ ಮಾತನ್ನು ಯಾರು ಬೇಕಾದರೂ ನಡೆದು ಪರೀಕ್ಷಿಸಬಹುದು.

ಇದರ ಜೊತೆಗೇ ಎರವಲು ಹೋಲಿಕೆಯ ಬಿರುದುಗಳೂ ಬೆಳೆದವು. ಗೋಕರ್ಣ ದಕ್ಷಿಣ ಕಾಶಿಯಾಯಿತು, ಆಗುಂಬೆ ದಕ್ಷಿಣದ ಚಿರಾಪುಂಜಿಯಾಯಿತು, ಕೊಡಗು ಭಾರತದ ಸ್ಕಾಟ್ಲೆಂಡ್ ಆಯಿತು, ಮಂಗಳೂರು ಪೂರ್ವದ ರೋಮ್ ಎನಿಸಿಕೊಂಡಿತು. ಗೋಕರ್ಣದ ಬಿರುದಿನ ಹಿಂದೆ ಯಾತ್ರಿಕರ ನಂಬಿಕೆಯಿದೆ, ಅಲ್ಲಿ ನಡೆಯುವ ಕರ್ಮವಿಧಿಗಳ ಆಧಾರವಿದೆ; ಹೀಗಾಗಿ ಅದು ಬಾಳಿಕೆ ಬಂದಿದೆ. ಅಂಥ ಆಧಾರವಿಲ್ಲದ ಹೋಲಿಕೆಯಲ್ಲಿ ಮಾತ್ರ ಒಂದು ಊರು ಇನ್ನೊಂದು ಊರಿನ ನೆರಳಾಗಿ ನಿಲ್ಲುತ್ತದೆ, ಮತ್ತು ಸ್ಕಾಟ್ಲೆಂಡನ್ನು ಎಂದೂ ಕಾಣದವರಿಗೆ ಕೊಡಗಿನ ಬಗ್ಗೆ ಆ ಬಿರುದಿನಿಂದ ತಿಳಿಯುವುದು ಏನೂ ಇರುವುದಿಲ್ಲ.

ಬಿರುದು ಸತ್ಯವಾಗಿದ್ದರೂ ಕಾಲ ಅದನ್ನು ತಿದ್ದುತ್ತದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಎಂದು ಕರೆದದ್ದು ಉತ್ಪ್ರೇಕ್ಷೆಯಾಗಿರಲಿಲ್ಲ: 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ ಹೀಗೆ ಐದು ಬ್ಯಾಂಕುಗಳು ಇದೇ ನೆಲದಲ್ಲಿ ಹುಟ್ಟಿದವು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಮೂರು ಹೆಸರುಗಳು ಅಳಿಸಿಹೋದವು. ತೊಟ್ಟಿಲು ಇದ್ದದ್ದು ನಿಜ, ಆದರೆ ಇಂದು ಆ ಮಾತನ್ನು ಭೂತಕಾಲದಲ್ಲಿ ಹೇಳಬೇಕಾಗುತ್ತದೆ. ಊರಿನ ಬಗೆಗಿನ ಮಾತಿಗೂ ಆಗಾಗ ಪರಿಷ್ಕರಣೆ ಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕರಾವಳಿಯಲ್ಲಿಲ್ಲ.

ಮಾತು ಮಾರುಕಟ್ಟೆಗೆ ಬಂದ ಬಗೆ

ಕಡಲತೀರದ ಘೋಷವಾಕ್ಯಗಳಲ್ಲಿ ಹೆಚ್ಚು ಕಾಲ ಬಾಳಿದವುಗಳಲ್ಲೊಂದು ಇಂಗ್ಲೆಂಡಿನದು. ಸ್ಕೆಗ್ನೆಸ್ ಎಂಬ ಪೂರ್ವ ಕರಾವಳಿಯ ಊರಿಗೆ ಜನರನ್ನು ರೈಲು ಹತ್ತಿಸಲು ಗ್ರೇಟ್ ನಾರ್ದರ್ನ್ ರೈಲ್ವೆ 1908ರಲ್ಲಿ ಚಿತ್ರಕಾರ ಜಾನ್ ಹ್ಯಾಸಲ್ ಅವರಿಂದ ಒಂದು ಭಿತ್ತಿಚಿತ್ರ ಬರೆಸಿತು. ದಪ್ಪ ಮೈಯ ಮೀನುಗಾರನೊಬ್ಬ ಮರಳಿನ ಮೇಲೆ ಕುಣಿಯುತ್ತಿರುವ ಆ ಚಿತ್ರದ ಜೊತೆಗಿದ್ದ ಸಾಲು, ಅಲ್ಲಿಯ ಗಾಳಿ ಮೈಗೆ ಬಲು ಚುರುಕು ತರುತ್ತದೆ ಎನ್ನುತ್ತಿತ್ತು. ಉತ್ತರ ಸಮುದ್ರದಿಂದ ಬೀಸುವ ಚಳಿಗಾಳಿಯೇ ಆ ಊರಿನ ದೊಡ್ಡ ಕೊರತೆಯಾಗಿದ್ದು, ರೈಲ್ವೆಯವರು ಅದನ್ನು ಮುಚ್ಚಿಡುವ ಬದಲು ಮುಂದಿಟ್ಟರು. ನಡುಗುತ್ತ ನಿಂತ ಪ್ರವಾಸಿ ಗೊಣಗಬಹುದಾಗಿತ್ತು, ಆದರೆ ಮೋಸವಾಯಿತೆಂದು ಹೇಳುವಂತಿರಲಿಲ್ಲ. ಘೋಷವಾಕ್ಯ ನೂರು ವರ್ಷ ಬಾಳಿದ ಗುಟ್ಟು ಈ ಪ್ರಾಮಾಣಿಕತೆಯಲ್ಲಿದೆ.

ನ್ಯೂಯಾರ್ಕಿನ ದಾರಿ ಬೇರೆ. ನಗರ ಹಣಕಾಸಿನ ಮುಗ್ಗಟ್ಟಿನಲ್ಲಿ ಸಿಲುಕಿದ್ದ 1977ರಲ್ಲಿ ಆ ರಾಜ್ಯ ಪ್ರವಾಸಿಗರನ್ನು ಸೆಳೆಯಲು ಹೊರಟಾಗ ಮಿಲ್ಟನ್ ಗ್ಲೇಸರ್ ಎಂಬ ವಿನ್ಯಾಸಕಾರ ‘ನಾನು ನ್ಯೂಯಾರ್ಕನ್ನು ಪ್ರೀತಿಸುತ್ತೇನೆ’ ಎಂಬ ಮಾತಿನಲ್ಲಿ ಪ್ರೀತಿಯ ಜಾಗಕ್ಕೆ ಕೆಂಪು ಹೃದಯದ ಚಿತ್ರವಿಟ್ಟರು, ಮತ್ತು ಅದಕ್ಕೆ ಸಂಭಾವನೆ ಪಡೆಯಲಿಲ್ಲ. ಆ ವಾಕ್ಯದಲ್ಲಿ ಮಾತಾಡುವುದು ಇಲಾಖೆಯಲ್ಲ, ಒಬ್ಬ ವ್ಯಕ್ತಿ; ಊರಿನವರೂ ಬಂದವರೂ ಅಷ್ಟೇ ಸಲೀಸಾಗಿ ಅದನ್ನು ತಮ್ಮದೆಂದು ತೊಟ್ಟುಕೊಳ್ಳಬಹುದಿತ್ತು.

ಭಾರತದಲ್ಲಿ ಕೇರಳ ಮುಂದಾಳಾಯಿತು. 1986ರಲ್ಲಿ ಪ್ರವಾಸೋದ್ಯಮಕ್ಕೆ ಉದ್ದಿಮೆಯ ಸ್ಥಾನ ಕೊಟ್ಟ ಆ ರಾಜ್ಯಕ್ಕೆ 1989ರಲ್ಲಿ ಮುದ್ರಾ ಜಾಹೀರಾತು ಸಂಸ್ಥೆಯ ವಾಲ್ಟರ್ ಮೆಂಡಿಸ್ ‘ದೇವರ ಸ್ವಂತ ನಾಡು’ ಎಂಬ ಅರ್ಥದ ಇಂಗ್ಲಿಷ್ ಘೋಷವಾಕ್ಯವನ್ನು ಕೊಟ್ಟರು. ಈ ಮಾತನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ನ್ಯೂಜಿಲೆಂಡಿನವರು ತಮ್ಮ ದೇಶಕ್ಕೆ ಬಳಸಿಕೊಂಡಿದ್ದರು. ಹಾಗಿದ್ದರೂ ಕೇರಳದಲ್ಲಿ ಅದು ಬೇರೂರಿತು. ಪರಶುರಾಮನ ಐತಿಹ್ಯ ಮೊದಲೇ ಹದಮಾಡಿಟ್ಟ ನೆಲ ಅದಕ್ಕೆ ಸಿಕ್ಕಿತು. 2002ರಲ್ಲಿ ಕೇಂದ್ರ ಸರ್ಕಾರ ‘ಇನ್‌ಕ್ರೆಡಿಬಲ್ ಇಂಡಿಯಾ’ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅದರ ಜೊತೆ ಬಂದ ‘ಅತಿಥಿ ದೇವೋ ಭವ’ ಅಭಿಯಾನ ಹೊರಗಿನವರನ್ನು ಕರೆಯುವುದರ ಬದಲು ಒಳಗಿನವರಿಗೆ, ಅಂದರೆ ಟ್ಯಾಕ್ಸಿ ಚಾಲಕರು, ಗೈಡುಗಳು, ಹೋಟೆಲಿನವರು ಮೊದಲಾದವರಿಗೆ, ಅತಿಥಿಯನ್ನು ಹೇಗೆ ನಡೆಸಿಕೊಳ್ಳಬೇಕೆಂದು ತಿಳಿಹೇಳಿತು. ಕರ್ನಾಟಕ ‘ಒಂದು ರಾಜ್ಯ, ಹಲವು ಜಗತ್ತು’ ಎಂದಿತು. ಕಡಲು, ಘಟ್ಟ, ಬಯಲು ಮೂರೂ ಇರುವ ರಾಜ್ಯಕ್ಕೆ ಆ ಮಾತು ಒಪ್ಪುತ್ತದೆ. ಅದರ ಕೆಳಗೆ ಪ್ರತಿಯೊಂದು ಜಗತ್ತೂ ತನ್ನ ಮಾತನ್ನು ತಾನೇ ಕಂಡುಕೊಳ್ಳಬೇಕಾಗಿದ್ದು, ಸುಮಾರು 320 ಕಿ.ಮೀ. ಉದ್ದದ ಕರಾವಳಿ ಇನ್ನೂ ಆ ಹುಡುಕಾಟದಲ್ಲಿದೆ.

ಗೊಣಗಾಟದ ಮೂರು ಬೇರುಗಳು

ಕಡಲತೀರದ ರಜೆಯಲ್ಲಿ ಕೇಳಿಬರುವ ಗೊಣಗಾಟಕ್ಕೆ ಮುಖ್ಯವಾಗಿ ಮೂರು ಬೇರುಗಳಿವೆ. ಮೊದಲನೆಯದು ಅಳತೆಗೆ ಸಿಗದ ಮಾತು. ‘ಸ್ವರ್ಗ’, ‘ಮರೆಯಲಾಗದ ಅನುಭವ’, ‘ಕಡಲಿನ ಮುತ್ತು’ ಮುಂತಾದ ಪದಗಳು ಸುಳ್ಳೂ ಆಗಲಾರವು, ನಿಜವೂ ಆಗಲಾರವು. ಪರೀಕ್ಷಿಸಬಹುದಾದ ಹೇಳಿಕೆಗೂ ಬರಿಯ ಬಣ್ಣನೆಗೂ ಕಾನೂನು ಭೇದ ಮಾಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿನ ವ್ಯಾಖ್ಯೆ ಕೊಟ್ಟು, ಸುಳ್ಳು ವಿವರಣೆ ಮತ್ತು ಸುಳ್ಳು ಖಾತರಿಯನ್ನು ಅದರೊಳಗೆ ಸೇರಿಸಿದೆ. ಆದರೆ ಒಂದು ತೀರವನ್ನು ಸ್ವರ್ಗವೆಂದು ಕರೆದವರ ಮೇಲೆ ದೂರು ಕೊಡಲು ಬರುವುದಿಲ್ಲ. ಕಾವ್ಯದಲ್ಲಿ ಅತಿಶಯೋಕ್ತಿ ಅಲಂಕಾರವಾಗಿ ಸಲ್ಲುವುದು ಓದುಗನಿಗೆ ಅದು ಅಲಂಕಾರವೆಂದು ತಿಳಿದಿರುವುದರಿಂದ. ಟಿಕೆಟು, ಕೋಣೆ, ಬಾಡಿಗೆ ಕಾರು ಇವಕ್ಕೆ ಕೈಯಿಂದ ದುಡ್ಡು ಬಿಚ್ಚಿದವರಿಗೆ ಅದೇ ಅತಿಶಯೋಕ್ತಿ ಖಾತರಿಯಂತೆ ಕೇಳಿಸುತ್ತದೆ.

ಎರಡನೆಯ ಬೇರು, ಯಾವ ತೀರಕ್ಕೆ ಬೇಕಾದರೂ ಅಂಟಿಸಬಹುದಾದ ಮಾತು. ಸೂರ್ಯ, ಮರಳು, ಅಲೆ ಎಂಬ ಮೂರು ಪದಗಳಿಂದ ಕಟ್ಟಿದ ಘೋಷವಾಕ್ಯ ಗೋವೆಗೂ ಆದೀತು, ಪುರಿಗೂ ಆದೀತು. ಮಂಗಳೂರು ಹಾಗೆ ಅನಾಮಿಕವಾಗಬೇಕಾದ ಊರಲ್ಲ. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಕನ್ನಡದ ‘ಮಂಗಳೂರು’ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತ ರೂಪವಾಗಿದೆ. ಕುಡ್ಲ ಎಂಬ ಹೆಸರನ್ನು ಕೂಡುವಿಕೆಗೆ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲ ಬಾಗಿಲಲ್ಲಿ ಸೇರುವುದಕ್ಕೆ ಜೋಡಿಸಿ ವಿವರಿಸುವುದುಂಟು. ಬೆಂಗರೆಯ ಮರಳದಿಣ್ಣೆಯ ತುದಿಯಲ್ಲಿ ಒಂದು ಬದಿಗೆ ನದಿಯ ಕಂದುನೀರು, ಇನ್ನೊಂದು ಬದಿಗೆ ಕಡಲಿನ ಉಪ್ಪುನೀರು ಕಂಡವರಿಗೆ ಈ ಎರಡಕ್ಷರದ ಹೆಸರಿಗಿಂತ ದೊಡ್ಡ ಘೋಷವಾಕ್ಯ ಬೇಕೆನಿಸುವುದಿಲ್ಲ.

ಮೂರನೆಯ ಬೇರು ಎಲ್ಲಕ್ಕಿಂತ ಆಳವಾದದ್ದು: ಅಲ್ಲಿ ಬದುಕುವವರನ್ನು ಚಿತ್ರದಿಂದ ಅಳಿಸುವ ಮಾತು. ‘ಯಾರೂ ಮುಟ್ಟದ ತೀರ’, ‘ನಿರ್ಜನ ಕಡಲು’ ಎಂದು ಬರೆದ ಎಡೆಗಳಲ್ಲೇ ಮೊಗವೀರರು ತಲೆಮಾರುಗಳಿಂದ ಬಲೆ ಎಳೆದಿದ್ದಾರೆ. ಕೈರಂಪಣಿ ಎಂಬುದು ದಡದಿಂದಲೇ ಎಳೆಯುವ ಉದ್ದನೆಯ ಬಲೆ. ಅದರ ಒಂದು ಹಗ್ಗವನ್ನು ದಡದಲ್ಲಿ ಹಿಡಿದುಕೊಂಡು, ದೋಣಿಯವರು ಬಲೆಯನ್ನು ಅರ್ಧಚಂದ್ರದಂತೆ ಕಡಲಿಗೆ ಬಿಟ್ಟು ಇನ್ನೊಂದು ಹಗ್ಗವನ್ನು ದಡಕ್ಕೆ ತಂದುಕೊಟ್ಟ ಮೇಲೆ, ಎರಡು ಸಾಲುಗಳಲ್ಲಿ ನಿಂತ ಜನ ಹಿಮ್ಮಡಿಯನ್ನು ಮರಳಿಗೆ ಊರಿ, ಬೆನ್ನು ಹಿಂದಕ್ಕೆ ವಾಲಿಸಿ, ಒಂದೇ ಲಯದಲ್ಲಿ ಎಳೆಯುತ್ತಾರೆ. ಬಲೆಯ ಹೊಟ್ಟೆ ನೀರಿನಿಂದ ಮೇಲೆ ಬರುವಾಗ ಬೂತಾಯಿ, ಬಂಗುಡೆಗಳು ಬೆಳ್ಳಗೆ ಮಿನುಗುತ್ತವೆ. ಬಲೆ ಹರಡಲು, ಮೀನು ಒಣಗಿಸಲು, ದೋಣಿ ಮೇಲಕ್ಕೆಳೆಯಲು ಬೇಕಾದ ಅದೇ ಮರಳಿನ ಮೇಲೆ ಇಂದು ಪ್ರವಾಸಿಗರ ಕುರ್ಚಿಗಳಿವೆ. ನಿರ್ಜನವೆಂಬ ಮಾತನ್ನು ನಂಬಿ ಬಂದವರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ, ತಮ್ಮ ಅಂಗಳದಲ್ಲಿ ತಾವೇ ಅಡ್ಡಿಯಾದೆವೆಂದು ಊರಿನವರು ನೊಂದುಕೊಳ್ಳುತ್ತಾರೆ. ಎರಡು ಕಡೆಯ ಗೊಣಗಾಟಕ್ಕೂ ತಾಯಿಬೇರು ಒಂದೇ ವಾಕ್ಯ.

ಚಿತ್ರದಿಂದ ಅಳಿಸಲ್ಪಟ್ಟ ಇನ್ನೊಂದು ಸಂಗತಿ ಮಳೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಂಗಳೂರಿನ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಡಲನ್ನು ಬಲ್ಲವರೇ ದೋಣಿಯನ್ನು ದಡಕ್ಕೆ ಕಟ್ಟುವ ಆ ದಿನಗಳಲ್ಲಿ, ವರ್ಷವಿಡೀ ನೀಲಿಯಾಗಿ ಕಾಣುವ ಜಾಹೀರಾತಿನ ಕಡಲು ಪ್ರವಾಸಿಯ ಜೀವಕ್ಕೇ ಎರವಾಗಬಲ್ಲದು. ದಡಕ್ಕೆ ಅಪ್ಪಳಿಸಿದ ನೀರು ಹಿಂದಿರುಗುವಾಗ ಕಿರಿದಾದ ಓಣಿಯಂಥ ಜಾಗದಲ್ಲಿ ಒಟ್ಟಾಗಿ ರಭಸದಿಂದ ಕಡಲೊಳಕ್ಕೆ ಹರಿಯುತ್ತದೆ. ಈ ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗಿ ಸೋತುಹೋಗುತ್ತಾರೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಓಣಿಯಿಂದ ಹೊರಬಂದವರು ಉಳಿಯುತ್ತಾರೆ. ಈ ಒಂದು ತಿಳಿವಳಿಕೆಯನ್ನು ಸ್ವಾಗತ ಫಲಕದ ಬಣ್ಣನೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆದರೆ ಪ್ರಾಣಗಳು ಉಳಿದಾವು. ಮಳೆಗಾಲಕ್ಕೆ ಕರಾವಳಿಯಲ್ಲಿ ಅದರದೇ ಸೊಗಸೂ ಇದೆ: ತುಳುವರ ಆಟಿ ತಿಂಗಳು, ಮನೆಮನೆಗೆ ಬರುವ ಆಟಿ ಕಳಂಜ, ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಹಾಲೆಮರದ ತೊಗಟೆಯ ಕಷಾಯ, ಕೆಸುವಿನೆಲೆಯ ಪತ್ರೊಡೆ. ಸ್ಕೆಗ್ನೆಸ್ ತನ್ನ ಚಳಿಗಾಳಿಯನ್ನು ಮುಂದಿಟ್ಟಂತೆ ಮಂಗಳೂರು ತನ್ನ ಮಳೆಯನ್ನು ಮುಂದಿಡಬಹುದು.

ಬಲ್ಮಠ ಕಲಿಸಿದ ಪಾಠ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯವರಿಗೆ 1840ರಲ್ಲಿ ಜಿಲ್ಲಾಧಿಕಾರಿ ಬ್ಲೇರ್ ಅವರಿಂದ ಬಲ್ಮಠದ ಜಾಗ ದೊರೆಯಿತು. ಮರುವರ್ಷ, 1841ರಲ್ಲಿ, ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಅದರಿಂದ ಪಡಿಮೂಡಿಸುವ ವಿಧಾನದಲ್ಲಿ, ಹೊರಬಂದಿತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆ ಊರಿನ ಸುದ್ದಿಯನ್ನೂ ಸರ್ಕಾರದ ಕಾನೂನುಗಳನ್ನೂ ಪರನಾಡಿನ ವರ್ತಮಾನವನ್ನೂ ಜನರ ಕೈಗಿಟ್ಟಿತು. ಊರಿನ ಹೆಸರನ್ನು ತಲೆಬರಹದಲ್ಲಿ ಹೊತ್ತ ಮಾತು ಊರಿನವರ ಕಣ್ಣಿಗೆ ಬಿದ್ದು ಅಲ್ಲಿಯೇ ಪರಿಶೀಲನೆಗೆ ಒಳಗಾಗುವ ಪದ್ಧತಿ ಹೀಗೆ ಶುರುವಾಯಿತು. ಜುಲೈ 1ನ್ನು ಕನ್ನಡ ನಾಡು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತದೆ.

ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಿಷನ್ನಿನ ಆಶ್ರಯದಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಅರ್ಥ ಹೇಳಿ ಮುಗಿಸುವ ಅವಸರವಿಲ್ಲ. ಹಳೆಯ ಕಾವ್ಯದಲ್ಲೋ ವ್ಯಾಕರಣದಲ್ಲೋ ಜನರ ಗಾದೆಯಲ್ಲೋ ಪದ ಬಳಕೆಯಾದ ಬಗೆಯನ್ನು ಆಧಾರವಾಗಿ ಕೊಡುವುದು ಅದರ ಕ್ರಮ. ಮಾತೊಂದನ್ನು ಅಚ್ಚಿಗೆ ಹಾಕುವವರು ಅದು ಎಲ್ಲಿಂದ ಬಂತೆಂದು ತೋರಿಸಬೇಕೆಂಬ ಈ ಶಿಸ್ತನ್ನು ಘೋಷವಾಕ್ಯಕ್ಕೂ ಅನ್ವಯಿಸಿದರೆ, ಇಂದಿನ ಫಲಕಗಳಲ್ಲಿ ಉಳಿಯುವ ಪದಗಳು ಕೆಲವೇ ಆಗುತ್ತವೆ.

ಬಲ್ಮಠಕ್ಕೇ ಸೇರಿದ ಒಂದು ಹೆಮ್ಮೆಯ ಮಾತನ್ನು ಈ ಶಿಸ್ತಿನಲ್ಲಿ ಒರೆಗೆ ಹಚ್ಚಬಹುದು. ಖಾಕಿ ಬಲ್ಮಠದಲ್ಲಿ ಹುಟ್ಟಿತೆಂದು ಮಂಗಳೂರಿನಲ್ಲಿ ಆಗಾಗ ಹೇಳುತ್ತಾರೆ. 1850ರ ದಶಕದಲ್ಲಿ ಮಿಷನ್ನಿನ ಬಲ್ಮಠದ ನೇಯ್ಗೆ ಕಾರ್ಖಾನೆಯನ್ನು ನಡೆಸಿದ ಜಾನ್ ಹಾಲರ್ ಅಲ್ಲಿ ಖಾಕಿ ಬಣ್ಣದ ಬಟ್ಟೆಯನ್ನು ತಯಾರಿಸಿದರೆಂಬುದು ಆ ಮಾತಿನ ಆಧಾರ. ಆದರೆ ಮಣ್ಣು, ಧೂಳು ಎಂಬ ಅರ್ಥದ ‘ಖಾಕ್’ ಎಂಬ ಪಾರಸಿ ಪದದಿಂದ ಬಂದ ಆ ಹೆಸರೂ, ಮಣ್ಣಿನ ಬಣ್ಣದ ಸಮವಸ್ತ್ರವೂ, 1846ರಲ್ಲಿ ವಾಯವ್ಯ ಗಡಿಯಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ದಳದೊಂದಿಗೆ ಮೊದಲೇ ಬಳಕೆಗೆ ಬಂದಿದ್ದವು. ಆದ್ದರಿಂದ ‘ಖಾಕಿ ಹುಟ್ಟಿದ ಊರು’ ಎಂದರೆ ಮಾತು ಅಳತೆ ಮೀರುತ್ತದೆ, ‘ಖಾಕಿ ಬಟ್ಟೆ ನೇಯ್ದ ಊರು’ ಎಂದರೆ ಅದು ನಿಲ್ಲುತ್ತದೆ. ಒಂದು ಕ್ರಿಯಾಪದವನ್ನು ತಿದ್ದಿದ ಮಾತ್ರಕ್ಕೆ ಹೆಮ್ಮೆ ಕುಗ್ಗುವುದಿಲ್ಲ. ಮಗ್ಗ, ಬಣ್ಣದ ತೊಟ್ಟಿ, ನೇಕಾರರ ಕೈ ಇವು ಕಣ್ಣೆದುರು ಬಂದು ಕೇಳುವವರ ಕುತೂಹಲ ಹೆಚ್ಚುತ್ತದೆ.

ಅಳೆಯಬಹುದಾದ ಮಾತು

ಅಳತೆಗೆ ಸಿಗುವ ಭರವಸೆಯ ಮಾದರಿ ಇಂದಿನ ಕರಾವಳಿಯಲ್ಲೂ ಇದೆ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ, ಡೆನ್ಮಾರ್ಕಿನಲ್ಲಿ ನೆಲೆಯಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ನಡೆಸುತ್ತಿರುವ ‘ಬ್ಲೂ ಫ್ಲ್ಯಾಗ್’ ಯೋಜನೆ ಕಡಲತೀರಗಳಿಗೆ ನೀಲಿ ಬಾವುಟವನ್ನು ಕೊಡುತ್ತದೆ. ನೀರಿನ ಗುಣಮಟ್ಟ, ಪರಿಸರದ ನಿರ್ವಹಣೆ, ಪರಿಸರ ಶಿಕ್ಷಣ, ಸುರಕ್ಷತೆ ಮತ್ತು ಸೌಕರ್ಯ ಎಂಬ ನಾಲ್ಕು ವಿಭಾಗಗಳಲ್ಲಿ 33 ಮಾನದಂಡಗಳಿವೆ. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ತೀರಗಳಿಗೆ ಮೊದಲ ಬಾರಿಗೆ ಈ ಬಾವುಟ ದೊರೆತಾಗ ಅವುಗಳಲ್ಲಿ ಎರಡು ಕರ್ನಾಟಕದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಬಾವುಟವನ್ನು ಒಮ್ಮೆ ಪಡೆದರೆ ಸಾಲದು, ಪ್ರತಿ ಅವಧಿಗೂ ಮತ್ತೆ ಪರೀಕ್ಷೆ ಗೆಲ್ಲಬೇಕು. ನೀರು ಕೆಟ್ಟರೆ ಬಾವುಟ ಇಳಿಯುತ್ತದೆ. ಶೌಚಾಲಯಕ್ಕೆ ಬೀಗವಿದೆ, ಜೀವರಕ್ಷಕರಿಲ್ಲ ಎಂದು ಗೊಣಗುವ ಪ್ರವಾಸಿ ಇಲ್ಲಿ ಬೇಸರದ ಅತಿಥಿಯಾಗಿ ಉಳಿಯದೆ ಪರೀಕ್ಷಕರ ಸಹಾಯಕನಾಗುತ್ತಾನೆ.

ಹೀಗೆ ಅಳೆಯಬಹುದಾದ ಭರವಸೆಯನ್ನು ಮಂಗಳೂರು ಬಹಳ ಹಿಂದೆಯೇ ಲೋಕಕ್ಕೆ ಕೊಟ್ಟಿತ್ತು. ಬಾಸೆಲ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ ಬಯಲಿನ ಜೇಡಿಮಣ್ಣಿನ ಗುಣ ಗುರುತಿಸಿ ಹಂಚಿನ ಪ್ರಯೋಗ ಮಾಡಿದ ಮೇಲೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಒಂದರ ಅಂಚು ಇನ್ನೊಂದರ ಕಚ್ಚಿಗೆ ಕೂರುವಂತೆ ಅಚ್ಚಿನಲ್ಲಿ ಒತ್ತಿದ ಆ ಕೆಂಪು ಹಂಚುಗಳು ಹಡಗು ಹತ್ತಿ ಹೊರನಾಡುಗಳಿಗೂ ಹೋದವು. ಹಳೆಯ ಮನೆ ಕೆಡವುವಾಗ ಮಾಡಿನಿಂದ ಇಳಿಸಿದ ಹಂಚನ್ನು ಕೈಯಲ್ಲಿ ಹಿಡಿದು, ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದರೆ, ಕಾರ್ಖಾನೆಯ ಹೆಸರೂ ಊರಿನ ಹೆಸರೂ ಮೇಲೇಳುತ್ತವೆ. ಅಲ್ಲಿ ‘ಅತ್ಯುತ್ತಮ’ ಎಂಬ ಪದವಿಲ್ಲ, ಸ್ವರ್ಗದ ಮಾತಿಲ್ಲ. ಮೊದಲ ಮಳೆಗೆ ಮಾಡು ಸೋರಿದರೆ ಆ ಮನೆಯ ಯಜಮಾನನಿಗೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಸೋರದಿದ್ದರೆ ಊರಿನ ಹೆಸರು ಪಕ್ಕದ ಮನೆಗೂ ದಾಟುತ್ತಿತ್ತು. ಇಂದಿಗೂ ಅದನ್ನು ಎಲ್ಲೆಡೆ ಮಂಗಳೂರು ಹಂಚು ಎಂದೇ ಕರೆಯುತ್ತಾರೆ.

ಕರಾವಳಿಗೆ ಹೊಸ ಘೋಷವಾಕ್ಯ ಬರೆಯಲು ಕೂರುವವರು ಈ ಹಂಚನ್ನು ಮೇಜಿನ ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಬಲೆ ಎಳೆಯುವವರು ಕೇಳಿ ತಲೆದೂಗುವಂಥ, ಆಟಿಯ ಮಳೆಯಲ್ಲಿಯೂ ಬಣ್ಣ ಬಿಡದಂಥ, ಬಂದವರು ಕೇಳಿದರೆ ಇಗೋ ಇಲ್ಲಿದೆ ಎಂದು ತೋರಿಸಬಹುದಾದಂಥ ಮಾತಷ್ಟೇ ಊರಿನ ಹೆಸರಿನ ಪಕ್ಕದಲ್ಲಿ ನಿಲ್ಲಲು ಯೋಗ್ಯ. ಅಂಥ ಮಾತು ಸಿಗುವವರೆಗೆ ಪ್ರವಾಸಿಗರ ಗೊಣಗಾಟವನ್ನು ಊರು ತಾಳ್ಮೆಯಿಂದ ಕೇಳಿಸಿಕೊಳ್ಳಲಿ. ಮಾಡು ಸೋರುತ್ತಿದೆಯೆಂದು ಮೊದಲು ಹೇಳುವವರು ಅದರ ಕೆಳಗೆ ಮಲಗಿದವರೇ.